ಲಕ್ಸ್ ನೋಡಿ ಲೈಟ್ ಕೊಳ್ಳಬೇಡಿ

ಸೈಕಲ್ಲಿಗೆ ಡೈನಮೋ ಲೈಟ್ ಹಾಕಿಸ್ಬೇಕು ಅಂತ ಹೊರಟವರು ಮೊದಲು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಇರುತ್ತೆ. "ಎಷ್ಟು ಲಕ್ಸ್ ಇರೋದು ತಗೊಳ್ಳಲಿ?" (ಲಕ್ಸ್ ಅಂದ್ರೆ ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತೆ ಅನ್ನೋ ಅಳತೆ.) 100 ಬೇಕಾ, 80 ಸಾಕಾ, 40 ಅಂದ್ರೆ ತೀರಾ ಕಡಿಮೆ ಆಗುತ್ತಾ? ಇವತ್ತು ನಾನು ಹೇಳೋಕೆ ಬಂದಿರೋದು ಇಷ್ಟು: ಆ ಸಂಖ್ಯೆನ ಸ್ವಲ್ಪ ಪಕ್ಕಕ್ಕಿಡಿ. ಬೆಳಕು ರಸ್ತೆ ಮೇಲೆ ಎಲ್ಲೆಲ್ಲಿ ಬೀಳುತ್ತೆ, ಎಲ್ಲಿ ಬೀಳಲ್ಲ, ಅದನ್ನ ನೋಡಿ ಲೈಟ್ ಆರಿಸಿ.

ಡೈನಮೋ ಅಂದ ತಕ್ಷಣ ನಮ್ಮಲ್ಲಿ ಎಷ್ಟೋ ಜನಕ್ಕೆ ಕಣ್ಣಮುಂದೆ ಬರೋದು ಹಳೇ ಹೀರೋ, ಅಟ್ಲಾಸ್ ಸೈಕಲ್ಲಿನ ಟೈರಿಗೆ ಒರಗಿಸ್ತಿದ್ದ ಆ ಬಾಟಲಿ ಆಕಾರದ ಡೈನಮೋ. ಅದು ಗುಂಯ್ ಅಂತ ಸದ್ದು ಮಾಡೋದು, ತುಳಿಯೋಕೆ ಭಾರ ಆಗೋದು. ನಿಂತ್ರೆ ಲೈಟ್ ಹೋಗೋದು. ಇಳಿಜಾರಲ್ಲಿ ಜೋರಾಗಿ ಬಿಟ್ರೆ ಬಲ್ಬೇ ಸುಟ್ಟು ಹೋಗೋದು. ಟೈರ್ ಮಳೇಲಿ ನೆನೆದ್ರೆ ಡೈನಮೋ ತಲೆ ಜಾರೋಕೆ ಶುರು. ಆ ಕಾಲದ ಕಷ್ಟ ನೋಡಿದವರು ಡೈನಮೋ ಬೇಡಪ್ಪಾ ಅಂದ್ರೆ ನಾನು ತಪ್ಪು ಅನ್ನಲ್ಲ.

ಈಗಿನದು ಹಾಗಿಲ್ಲ. ಡೈನಮೋ ಮುಂದಿನ ಚಕ್ರದ ಹಬ್ ಒಳಗೇ, ಅಂದ್ರೆ ಕಡ್ಡಿಗಳೆಲ್ಲ ಸೇರೋ ನಡುಭಾಗದ ಒಳಗೇ ಇರುತ್ತೆ. ಟೈರಿಗೆ ಏನೂ ತಾಗಲ್ಲ, ಸದ್ದಿಲ್ಲ, ಮಳೆ ಬಂದ್ರೂ ಜಾರೋ ಮಾತಿಲ್ಲ. ಜರ್ಮನಿಯ ಶ್ಮಿಟ್ ಕಂಪನಿಯ ಸೋನ್, ಜಪಾನಿನ ಶಿಮಾನೊ, ತೈವಾನಿನ ಎಸ್‌ಪಿ, ಇವೆಲ್ಲ ಹೆಸರು ಮಾಡಿದ ಹಬ್‌ಗಳು. ಹಬ್ ಡೈನಮೋ ಏನೂ ಹೊಸ ಕಂಡುಹಿಡಿತ ಅಲ್ಲ. ಇಂಗ್ಲೆಂಡಿನ ಸ್ಟರ್ಮಿ ಆರ್ಚರ್ 1930ರ ದಶಕದಲ್ಲೇ ಮಾಡಿ ಮಾರ್ತಿತ್ತು. ಪರಿಸ್ಥಿತಿ ಪೂರ್ತಿ ಬದಲಾಯಿಸಿದ್ದು ಎಲ್‌ಇಡಿ. ಅಷ್ಟೇ ಕರೆಂಟಲ್ಲಿ ಹಳೇ ಬಲ್ಬಿಗಿಂತ ಎಷ್ಟೋ ಪಟ್ಟು ಬೆಳಕು ಬರೋಕೆ ಶುರುವಾಯ್ತು.

ಈಗ ಒಂದು ಲೆಕ್ಕ ಗಮನಿಸಿ, ನನ್ನ ವಾದ ಎಲ್ಲ ಇದರ ಮೇಲೇ ನಿಂತಿದೆ. ಸಾಧಾರಣವಾಗಿ ಯಾವ ಹಬ್ ತಗೊಂಡ್ರೂ ಅದರ ಮೇಲೆ ಬರೆದಿರೋದು 6 ವೋಲ್ಟ್, 3 ವ್ಯಾಟ್. ಅದೂ ಗಂಟೆಗೆ 15 ಕಿ.ಮೀ. ಆಸುಪಾಸಿನ ವೇಗದಲ್ಲಿ. ಈ 3 ವ್ಯಾಟಲ್ಲಿ 0.6 ಹಿಂದಿನ ಲೈಟಿಗೆ, ಮುಂದಿನದಕ್ಕೆ ಉಳಿಯೋದು 2.4. ಲೈಟ್ ಸಾಧಾರಣದ್ದಾಗಲಿ, ಅದರ ನಾಲ್ಕು ಪಟ್ಟು ಬೆಲೆಯದ್ದಾಗಲಿ, ಸಿಗೋ ಪಾಲು ಅಷ್ಟೇ. ಬ್ಯಾಟರಿ ಲೈಟಲ್ಲಾದ್ರೆ ದೊಡ್ಡ ಬ್ಯಾಟರಿ ಹಾಕಿ ಸಾವಿರ ಲ್ಯೂಮೆನ್ (ಒಟ್ಟು ಬೆಳಕಿನ ಅಳತೆ) ಸುರೀಬಹುದು, ಅರ್ಧ ಬೆಳಕು ಮರದ ಮೇಲೆ, ಆಕಾಶಕ್ಕೆ ಹೋದ್ರೂ ನಡೆಯುತ್ತೆ. ಇಲ್ಲಿ ಹಾಗೆ ದುಂದು ಮಾಡೋಕಾಗಲ್ಲ. ಹಾಗಾದ್ರೆ ಒಂದು ಡೈನಮೋ ಲೈಟಿಗೂ ಇನ್ನೊಂದಕ್ಕೂ ವ್ಯತ್ಯಾಸ ಎಲ್ಲಿಂದ ಬರುತ್ತೆ? ಸ್ವಲ್ಪ ಎಲ್‌ಇಡಿಯಿಂದ. ಮುಖ್ಯವಾಗಿ ರಿಫ್ಲೆಕ್ಟರಿಂದ, ಅಂದ್ರೆ ಬೆಳಕನ್ನ ರಸ್ತೆ ಕಡೆ ತಿರುಗಿಸೋ ಒಳಗಿನ ಕನ್ನಡಿಯಿಂದ.

ಲಕ್ಸ್ ಅನ್ನೋ ಸಂಖ್ಯೆ ಇಲ್ಲೇ ನಮ್ಮನ್ನ ದಾರಿ ತಪ್ಪಿಸೋದು. ಸೈಕಲ್ ಲೈಟಿನ ಡಬ್ಬದ ಮೇಲೆ ಬರೆಯೋ ಲಕ್ಸ್, 10 ಮೀಟರ್ ದೂರದಲ್ಲಿ ಅತಿ ಹೆಚ್ಚು ಬೆಳಕು ಬೀಳೋ ಒಂದೇ ಒಂದು ಜಾಗದಲ್ಲಿ ಅಳೆದಿದ್ದು. ಒಟ್ಟು ಬೆಳಕು ಎಷ್ಟು ಅಂತ ಅದು ಹೇಳಲ್ಲ. ನೀರಿನ ಪೈಪಿನ ಬಾಯಿಗೆ ಬೆರಳು ಒತ್ತಿ ಹಿಡಿದ್ರೆ ನೀರು ಅಷ್ಟೇ ಇದ್ರೂ ದೂರಕ್ಕೆ ಚಿಮ್ಮುತ್ತಲ್ಲ, ಹಾಗೇ ಬೆಳಕನ್ನ ಒಂದು ಸಣ್ಣ ಚುಕ್ಕೆಗೆ ಕೂಡಿಸಿದ್ರೆ ಲಕ್ಸ್ ಏರುತ್ತೆ. ರಸ್ತೆ ಅಂಚು ಮಾತ್ರ ಕತ್ತಲಲ್ಲೇ ಉಳಿಯುತ್ತೆ. ಹೆಚ್ಚು ಲಕ್ಸ್ ಇದ್ದೂ ಕಿರಿದಾದ ಬೀಮ್ ಇರೋ ಲೈಟಿಗಿಂತ, ಕಡಿಮೆ ಲಕ್ಸ್ ಇದ್ದೂ ಅಗಲಕ್ಕೆ, ಸಮನಾಗಿ ಹರಡೋ ಲೈಟ್ ನಮ್ಮ ಹಳ್ಳಿ ರಸ್ತೆಗೆ ಎಷ್ಟೋ ವಾಸಿ.

ಜರ್ಮನಿಯ ಲೈಟುಗಳನ್ನ ನಾನು ಇಷ್ಟು ಹೊಗಳೋಕೂ ಇದೇ ಕಾರಣ. ಅಲ್ಲಿ ರಸ್ತೆಗಿಳಿಯೋ ಸೈಕಲ್ಲಿನ ಲೈಟ್ ಹೇಗಿರಬೇಕು ಅಂತ ಕಾನೂನೇ ಇದೆ. 2013ರ ತನಕ ಸಾಮಾನ್ಯ ಸೈಕಲ್ಲಿಗೆ ಡೈನಮೋ ಕಡ್ಡಾಯ ಆಗಿತ್ತು, ಆಮೇಲೆ ಬ್ಯಾಟರಿ ಲೈಟಿಗೂ ಒಪ್ಪಿಗೆ ಕೊಟ್ಟರು. ಬೀಮ್ ವಿಷಯದಲ್ಲಿ ಮಾತ್ರ ಸಡಿಲ ಬಿಡಲಿಲ್ಲ. ಕಾರಿನ ಡಿಪ್ ಲೈಟ್ ಥರ, ಬೆಳಕಿಗೆ ಮೇಲ್ಗಡೆ ಒಂದು ಗಡಿ ಇರಬೇಕು. ಆ ಗೆರೆ ಕೆಳಗೆ ರಸ್ತೆ ಪೂರ್ತಿ ಕಾಣಬೇಕು, ಮೇಲೆ ಎದುರು ಬರೋರ ಕಣ್ಣಿಗೆ ಹೊಡೀಬಾರದು. ಒಪ್ಪಿಗೆ ಸಿಕ್ಕ ಲೈಟಿನ ಮೇಲೆ ಅಲೆ ಥರದ ಗೆರೆ, ಪಕ್ಕದಲ್ಲಿ 'ಕೆ' ಅಕ್ಷರ, ಒಂದು ಸಂಖ್ಯೆ ಇರುತ್ತೆ. ಕೊಳ್ಳೋವಾಗ ಅದನ್ನ ಹುಡುಕಿ.

ಬುಷ್ ಆಂಡ್ ಮುಲ್ಲರ್ ಕಂಪನಿಯ ಐಕ್ಯೂ-ಎಕ್ಸ್ ಲೈಟನ್ನ ಒಂದ್ಸಲ ಕೈಯಲ್ಲಿ ಹಿಡಿದು ಎದುರಿಂದ ನೋಡಿ. ಎಲ್‌ಇಡಿ ನಿಮ್ಮ ಕಡೆ ನೋಡ್ತಾ ಇರಲ್ಲ. ಅದು ರಿಫ್ಲೆಕ್ಟರ್ ಕಡೆ ಮುಖ ಮಾಡಿ ಕೂತಿರುತ್ತೆ. ಬೆಳಕೆಲ್ಲ ಮೊದಲು ಆ ಬಾಗಿದ ಕನ್ನಡಿಗೆ ಬಿದ್ದು, ಅಲ್ಲಿಂದ ರಸ್ತೆಗೆ ಹಂಚಿಕೆ ಆಗುತ್ತೆ. ದೂರಕ್ಕೆ ಹೆಚ್ಚು, ಚಕ್ರದ ಮುಂದೆ ಕಡಿಮೆ. ಹಂಚಿಕೆ ಹೀಗಿದ್ದಾಗಲೇ ರಸ್ತೆ ಹತ್ತಿರದಿಂದ ದೂರದ ತನಕ ಒಂದೇ ಸಮ ಕಾಣೋದು. ಹತ್ತಿರ ಜಾಸ್ತಿ ಬೆಳಕು ಬಿದ್ರೆ ಕಣ್ಣು ಅದಕ್ಕೇ ಹೊಂದಿಕೊಂಡು ದೂರದ್ದು ಕಾಣದೇ ಹೋಗುತ್ತೆ. ಶ್ಮಿಟ್ ಅವರ ಎಡೆಲಕ್ಸ್ ಇನ್ನೂ ದುಬಾರಿ, ಆದ್ರೆ ಅದರ ರಿಫ್ಲೆಕ್ಟರ್ ಕೂಡ ಬುಷ್ ಆಂಡ್ ಮುಲ್ಲರ್‌ದೇ. ಹೆಚ್ಚಿನ ದುಡ್ಡು ಹೋಗೋದು ಅಲ್ಯೂಮಿನಿಯಂ ಮೈಗೆ, ಗಾಜಿಗೆ, ನೀರು ನುಗ್ಗದ ಹಾಗೆ ಮಾಡಿದ ಬಿಗಿ ಜೋಡಣೆಗೆ. ವರ್ಷದಲ್ಲಿ ನಾಲ್ಕು ತಿಂಗಳು ಮಲೆನಾಡಿನ ಮಳೇಲಿ ಓಡಿಸೋರಿಗೆ ಆ ಖರ್ಚು ದಂಡ ಅಲ್ಲ.

ಈಗ ನಮ್ಮ ರಸ್ತೆಗೆ ಬರೋಣ. ಈ ಲೈಟುಗಳು ನಯವಾದ ಯುರೋಪಿನ ರಸ್ತೆಗೆ ಮಾಡಿದ್ದು, ನಮ್ಮಲ್ಲಿ ಬಣ್ಣ ಬಳಿಯದ ಹಂಪ್ಸ್, ಗುಂಡಿ, ರಸ್ತೆ ಮಧ್ಯೆ ಮಲಗಿದ ದನ, ಇದಕ್ಕೆಲ್ಲ ಆಗುತ್ತಾ ಅಂತ ಕೇಳ್ತಾರೆ. ಹಂಪ್ಸ್ ಮತ್ತು ಗುಂಡಿ ವಿಷಯದಲ್ಲಿ ಖಂಡಿತ ಆಗುತ್ತೆ, ಲೈಟನ್ನ ಸರಿಯಾದ ಎತ್ತರದಲ್ಲಿ ಕೂರಿಸಿದ್ರೆ. ಹ್ಯಾಂಡಲ್ ಮೇಲೆ ಹಾಕೋದಕ್ಕಿಂತ ಕೆಳಗೆ, ಚಕ್ರದ ಮೇಲ್ಭಾಗದ ಫೋರ್ಕ್ ತಲೆಗೆ ಹಾಕಿ. ಬೆಳಕು ತಗ್ಗಿನಿಂದ ಬಂದಷ್ಟೂ ಗುಂಡಿಯ ಅಂಚಿನ ನೆರಳು ಉದ್ದ ಆಗುತ್ತೆ, ಹಂಪ್ಸ್ ಹಿಂದೆ ಕಪ್ಪು ಪಟ್ಟಿ ಬೀಳುತ್ತೆ. ದೂರದಿಂದಲೇ ಗೊತ್ತಾಗುತ್ತೆ. ಕೊಟ್ಟಿಗೆಹಾರದ ಕಡೆ ಮಂಜು ಇಳಿದಾಗ್ಲೂ ತಗ್ಗಿನ ಲೈಟೇ ಮೇಲು, ಕಣ್ಣಿನ ಮಟ್ಟದಿಂದ ಹೋಗೋ ಬೆಳಕು ಮಂಜಿಗೆ ಬಡಿದು ನಮ್ಮ ಮುಖಕ್ಕೇ ವಾಪಸ್ ಬರುತ್ತೆ. ಹ್ಯಾಂಡಲ್ ಬ್ಯಾಗ್ ಹಾಕೋರಿಗಂತೂ ಬೇರೆ ದಾರಿನೇ ಇಲ್ಲ.

ಘಾಟಿಯಲ್ಲಿ ಮಾತ್ರ ಈ ಬೀಮಿಗೆ ನಿಜವಾದ ಕೊರತೆ ಇದೆ, ಅದನ್ನ ಮುಚ್ಚಿಡಲ್ಲ. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವಲ್ಲಿ ಚಕ್ರ ನೇರಕ್ಕೆ ನೋಡ್ತಿರುತ್ತೆ, ರಸ್ತೆ ಪಕ್ಕಕ್ಕೆ ಹೋಗಿರುತ್ತೆ. ಕಿರಿದಾದ ಬೀಮ್ ಆದ್ರೆ ತಿರುವಿನ ಒಳಗೆ ಏನಿದೆ ಅಂತ ಕಾಣಲ್ಲ. ಹತ್ತೋವಾಗ ಇನ್ನೊಂದು ತೊಂದರೆ. ಗಂಟೆಗೆ 7–8 ಕಿ.ಮೀ.ಗೆ ಇಳಿದಾಗ ಕರೆಂಟ್ ಸಾಲದೆ ಎಷ್ಟೋ ಲೈಟುಗಳು ಮಂಕಾಗ್ತವೆ, ಮಿಣಮಿಣ ಅಂತವೆ. ಆ ವೇಗದಲ್ಲಿ ಬಹಳ ದೂರ ನೋಡೋ ಅಗತ್ಯ ಇಲ್ಲ ಅನ್ನೋದು ನಿಜ, ಇಳಿಯೋವಾಗ ಪೂರ್ತಿ ಬೆಳಕು ಬಂದೇ ಬರುತ್ತೆ. ಆದ್ರೂ ಘಾಟಿ ರಾತ್ರಿ ಹತ್ತಿ ಇಳಿಯೋರು ತಲೆಗೆ ಕಟ್ಟೋ ಸಣ್ಣ ಹೆಡ್‌ಲ್ಯಾಂಪ್ ಒಂದನ್ನ ಜೊತೇಲಿ ಇಟ್ಕೊಳ್ಳಲೇಬೇಕು. ಕತ್ತಲಲ್ಲಿ ಪಂಚರ್ ಆದಾಗ ನಿಂತ ಚಕ್ರದ ಡೈನಮೋ ಏನೂ ಸಹಾಯ ಮಾಡಲ್ಲ.

ನಿಂತಾಗ ಬೆಳಕು ಪೂರ್ತಿ ಹೋಗುತ್ತೆ ಅನ್ನೋ ಭಯ ಬೇಡ. ಈಗಿನ ಒಳ್ಳೇ ಲೈಟುಗಳ ಒಳಗೆ ಕೆಪ್ಯಾಸಿಟರ್ ಇರುತ್ತೆ. ಓಡಿಸುವಾಗ ಅದು ತುಂಬಿಕೊಂಡು, ನಿಂತ ಮೇಲೆ ಕೆಲವು ನಿಮಿಷ ಸಣ್ಣಗೆ ಉರಿಯುತ್ತೆ. ಸ್ಟ್ಯಾಂಡ್‌ಲೈಟ್ ಅಂತಾರೆ ಇದನ್ನ. ಸಿಗ್ನಲಲ್ಲಿ ನಿಂತಾಗ ಬಸ್ಸಿನವರಿಗೆ ನೀವು ಕಾಣಬೇಕು ಅಂದ್ರೆ ಇದು ಇರಲೇಬೇಕು, ಇಲ್ಲದ ಲೈಟನ್ನ ಎಷ್ಟೇ ಅಗ್ಗಕ್ಕೆ ಕೊಟ್ರೂ ತಗೋಬೇಡಿ. ಕಾಲಿಗೆ ಬೀಳೋ ಭಾರದ ಬಗ್ಗೆ ಹೇಳೋದಾದ್ರೆ, ಲೈಟ್ ಉರಿಯುವಾಗ ಒಳ್ಳೇ ಹಬ್ ನಿಮ್ಮಿಂದ ಸುಮಾರು 5–6 ವ್ಯಾಟ್ ಕೇಳುತ್ತೆ. ನೂರು ವ್ಯಾಟ್ ಹಾಕಿ ತುಳಿಯೋ ಕಾಲಿಗೆ ಅದು ಗೊತ್ತಾಗೋದೇ ಕಷ್ಟ.

ಕೊಳ್ಳೋವಾಗ ಒಂದು ಕಡೆ ಬಹಳ ಹುಷಾರಾಗಿರಿ. ಒಂದೇ ಲೈಟು, ನೋಡೋಕೆ ಒಂದೇ ಥರ, ಇ-ಬೈಕಿಗೆ ಬೇರೆ ಮಾದರಿ ಬರುತ್ತೆ. ಅದು ಬ್ಯಾಟರಿಯ ಡಿಸಿ ಕರೆಂಟಿಗೆ ಮಾಡಿದ್ದು, ನಮ್ಮ ಹಬ್ ಕೊಡೋದು ಎಸಿ. ಹೆಸರಿನ ಕೊನೇಲಿರೋ ಒಂದೇ ಅಕ್ಷರದ ವ್ಯತ್ಯಾಸ ಓದದೆ ಹೊರದೇಶದಿಂದ ತರಿಸಿಕೊಂಡ್ರೆ ವಾಪಸ್ ಕಳಿಸೋ ಖರ್ಚೂ ನಿಮ್ಮದೇ. ಹಬ್ ತಗೊಳ್ಳೋವಾಗ ನಿಮ್ಮ ರಿಮ್ಮಿಗೆ ಎಷ್ಟು ಕಡ್ಡಿ, 32 ಅಥವಾ 36, ಡಿಸ್ಕ್ ಬ್ರೇಕಾ, ಆಕ್ಸಲ್ ಯಾವ ಥರದ್ದು ಅಂತ ಬರ್ಕೊಂಡು ಹೋಗಿ. ಚಕ್ರ ಕಟ್ಟೋದು ಕೈ ಪಳಗಿದವರ ಕೆಲಸ, ಆ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಹೊಸ ಹಬ್ಬಿಗೆ ದುಡ್ಡಿಲ್ಲ ಅನ್ನೋರು ಮನೇಲಿರೋ ಬಾಟಲಿ ಡೈನಮೋನ ಎಸೀಬೇಡಿ. ಅದರ ಮೈಮೇಲೆ 6 ವೋಲ್ಟ್ 3 ವ್ಯಾಟ್ ಅಂತ ಬರೆದಿದ್ರೆ, ಹೊಸ ಎಲ್‌ಇಡಿ ಡೈನಮೋ ಲೈಟ್ ಅದಕ್ಕೂ ಹೊಂದುತ್ತೆ. 12 ವೋಲ್ಟ್ ಅಂತಿದ್ರೆ ಬೇಡ. ಮತ್ತೆ ದಿನಾ ಬೀದಿದೀಪ ಇರೋ ರಸ್ತೇಲಿ ಐದಾರು ಕಿ.ಮೀ. ಆಫೀಸಿಗೆ ಹೋಗಿ ಬರೋರಿಗೆ ಇದ್ಯಾವುದೂ ಬೇಕಿಲ್ಲ. ಒಂದು ಸಣ್ಣ ಚಾರ್ಜಿಂಗ್ ಲೈಟ್ ಸಾಕು. ಡೈನಮೋ ಬೇಕಾಗಿರೋದು ರಾತ್ರಿಯಿಡೀ ಓಡಿಸೋರಿಗೆ. ಬಿಆರ್‌ಎಂ ಅಂದ್ರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. 600 ಕಿ.ಮೀ. ಬಿಆರ್‌ಎಂಗೆ ಸಿಗೋದು 40 ಗಂಟೆ. ಅದೇ ಥರದ, ಫ್ರಾನ್ಸಿನ 1200 ಕಿ.ಮೀ.ಯ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಗೆ 90 ಗಂಟೆ. ಎರಡು ಮೂರು ರಾತ್ರಿ ದಾಟೋರು ಪ್ರತಿ ಕಂಟ್ರೋಲಲ್ಲೂ (ದಾರಿ ಮಧ್ಯದ ತಪಾಸಣೆ ಜಾಗ) ಪ್ಲಗ್ ಪಾಯಿಂಟ್ ಹುಡುಕ್ತಾ ಕೂರೋಕಾಗಲ್ಲ.

ಲೈಟ್ ಕೂರಿಸಿದ ಮೇಲೆ ಒಂದು ಕೆಲಸ ಬಾಕಿ ಇದೆ, ಇದನ್ನ ಬಹಳ ಜನ ಮಾಡೋದೇ ಇಲ್ಲ. ಕತ್ತಲಾದ ಮೇಲೆ ಗೋಡೆ ಮೇಲೆ ಲೈಟಿನ ಎತ್ತರಕ್ಕೆ ಸರಿಯಾಗಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೀರಿ. ಸ್ನೇಹಿತರೊಬ್ಬರು ಸೈಕಲ್ ತುಳಿದುಕೊಂಡು ಗೋಡೆ ಕಡೆ ಬರಲಿ, ನೀವು ಪಕ್ಕದಲ್ಲಿ ನಿಂತು ನೋಡಿ. ಐದು ಮೀಟರ್ ದೂರ ಇದ್ದಾಗ ಬೆಳಕಿನ ಮೇಲಂಚು ಗೆರೆಗಿಂತ ಸ್ವಲ್ಪ ಕೆಳಗಿರಬೇಕು. ಮೇಲಿದ್ರೆ ಎದುರಿನವರ ಕಣ್ಣಿಗೆ ಹೊಡೀತಿದೆ ಅಂತ ಅರ್ಥ. ತೀರಾ ಕೆಳಗಿದ್ರೆ ನಿಮಗೇ ದೂರ ಕಾಣಲ್ಲ. ಸ್ಕ್ರೂ ಸಡಿಲಿಸಿ, ಒಂದು ಚೂರು ಬಗ್ಗಿಸಿ, ಬಿಗಿ ಮಾಡಿ.

ಡಿಮ್ ಡಿಪ್ ಮಾಡದ ಲಾರಿಯವರನ್ನ ನಾವು ಸೈಕಲ್ಲಿನವರು ದಾರಿಯುದ್ದಕ್ಕೂ ಬೈತೀವಿ. ಅದೇ ರಾತ್ರಿ ನಮ್ಮ ಲೈಟು ಎದುರು ನಡ್ಕೊಂಡು ಬರೋ ಅಜ್ಜನ ಮುಖಕ್ಕೆ ನೇರ ಹೊಡೀತಿರುತ್ತೆ. ಬಿಆರ್‌ಎಂ ನಡೆಸೋ ಕ್ಲಬ್ಬುಗಳಿಗೆ ಅದಕ್ಕೇ ನನ್ನ ಒಂದು ಕೋರಿಕೆ. ಹೊರಡೋ ಮುಂಚೆ ಲೈಟ್ ಉರಿಯುತ್ತಾ ಅಂತ ನೋಡೋದರ ಜೊತೆಗೆ, ಒಂದು ಗೋಡೆ, ಒಂದು ಗೆರೆ ಇಟ್ಟು ಅದು ಎಲ್ಲಿಗೆ ಬೀಳುತ್ತೆ ಅಂತಾನೂ ನೋಡಿ. ಮೇಲಕ್ಕೆ ಹೊಡೆಯೋ ಲೈಟನ್ನ ಅಲ್ಲೇ ಬಗ್ಗಿಸಿ ಕಳಿಸಿ. ಒಬ್ಬೊಬ್ಬರಿಗೆ ಅರ್ಧ ನಿಮಿಷ ಹಿಡಿಯಬಹುದು.