ಬಾಗಿಲು ಕಾಯುವವರು ಕನೌಜ್ ಆಳಿದ ಕಥೆ

ಎಲ್ಲರಿಗೂ ನಮಸ್ಕಾರ.

ರಜಪೂತರು ಅಂದ ತಕ್ಷಣ ಪೃಥ್ವಿರಾಜ, ರಾಣಾ ಪ್ರತಾಪ, ಚಿತ್ತೋಡದ ಕೋಟೆ ನೆನಪಾಗುತ್ತವೆ. ನಾನು ಅವರಿಗಿಂತ ಹಿಂದಿನವರ ಬಗ್ಗೆ ಮಾತಾಡುತ್ತೇನೆ. ಎಂಟನೇ ಶತಮಾನದಿಂದ ಹನ್ನೊಂದನೆಯದರವರೆಗೆ ಉತ್ತರ ಭಾರತದಲ್ಲಿ ಆಳಿದ ಗುರ್ಜರ ಪ್ರತೀಹಾರರು. ನಮ್ಮ ರಾಷ್ಟ್ರಕೂಟರ ಜತೆ ತಲೆಮಾರುಗಟ್ಟಲೆ ಹೊಡೆದಾಡಿದವರು ಇವರೇ.

ಪ್ರತೀಹಾರ ಅಂದ್ರೆ ಬಾಗಿಲು ಕಾಯುವವನು. ರಾಜರಿಗೆ ಇದೆಂಥ ಹೆಸರು? ಅವರ ಶಾಸನಗಳನ್ನು ಕೇಳಿದರೆ ಲಕ್ಷ್ಮಣನ ಕಡೆ ಕೈ ತೋರಿಸುತ್ತವೆ. ರಾಮನಿಗೆ ಅವನೇ ಪ್ರತೀಹಾರ, ನಾವು ಅವನ ಕುಲದವರು ಅಂತ. ಅದೇ ಪ್ರಶ್ನೆಯನ್ನು ರಾಷ್ಟ್ರಕೂಟರಿಗೆ ಕೇಳಿ ನೋಡಿ! ಅಮೋಘವರ್ಷನ ಕಾಲದ, 871ರ ಸಂಜಾನ್ ತಾಮ್ರಪಟದಲ್ಲಿ ಒಂದು ಮಾತಿದೆ. ದಂತಿದುರ್ಗ ಉಜ್ಜಯಿನಿಯಲ್ಲಿ ಹಿರಣ್ಯಗರ್ಭ ಅನ್ನುವ ಚಿನ್ನದ ಮಹಾದಾನ ಮಾಡಿದಾಗ ಗುರ್ಜರ ರಾಜನನ್ನೂ ಬೇರೆ ಅರಸರನ್ನೂ ಬಾಗಿಲು ಕಾಯಲು ನಿಲ್ಲಿಸಿದನಂತೆ. ಹೆಸರನ್ನೇ ಹಿಡಿದು ಚುಚ್ಚಿದ್ದು, ಅಲ್ವಾ? ಇದನ್ನು ಪೂರ್ತಿ ನಂಬಬೇಕಿಲ್ಲ. ಲಕ್ಷ್ಮಣನ ಕಥೆಯನ್ನೂ ನಂಬಬೇಕಿಲ್ಲ. ಇನ್ನು ಆಬು ಬೆಟ್ಟದ ಮೇಲೆ ವಸಿಷ್ಠರ ಅಗ್ನಿಕುಂಡದಿಂದ ಪರಿಹಾರ (ಅಂದ್ರೆ ಪ್ರತೀಹಾರ), ಚೌಹಾಣ, ಪರಮಾರ, ಸೋಲಂಕಿ ಅಂತ ನಾಲ್ಕು ಕುಲ ಎದ್ದು ಬಂದವು ಅನ್ನುವ ಕಥೆ ತುಂಬಾ ಈಚಿನದು. ಪ್ರತೀಹಾರರ ಶಾಸನಗಳಲ್ಲಿ ಅದರ ಸುಳಿವೇ ಇಲ್ಲ.

ನನಗೆ ಇವೆಲ್ಲಕ್ಕಿಂತ ಹಿಡಿಸುವುದು ಜೋಧಪುರದ ಹತ್ತಿರ ಮಂಡೋರಿನಲ್ಲಿ ಆಳಿದ ಪ್ರತೀಹಾರ ಶಾಖೆಯ ಬಾವುಕ 837ರಲ್ಲಿ ಬರೆಸಿದ ಜೋಧಪುರದ ಶಾಸನ. ಅದರಲ್ಲಿ ಮೂಲಪುರುಷ ಹರಿಚಂದ್ರ ಅನ್ನುವ ಬ್ರಾಹ್ಮಣ. ಅವನಿಗೆ ಇಬ್ಬರು ಹೆಂಡಿರು. ಬ್ರಾಹ್ಮಣ ಹೆಂಡತಿಯ ಮಕ್ಕಳು ಬ್ರಾಹ್ಮಣ ಪ್ರತೀಹಾರರಾದರು, ಕ್ಷತ್ರಿಯಳಾದ ಭದ್ರೆಯ ಮಕ್ಕಳು ಮದ್ಯ ಕುಡಿಯುವವರಾದರು ಅಂತ ಮುಚ್ಚುಮರೆ ಇಲ್ಲದೆ ಬರೆಸಿದ್ದಾನೆ. ಭದ್ರೆಯ ನಾಲ್ಕು ಮಕ್ಕಳು ಭೋಗಭಟ, ಕಕ್ಕ, ರಜ್ಜಿಲ, ದದ್ದ ಸೇರಿ ಮಂಡೋರ್ ಕೋಟೆ ಹಿಡಿದು ಸುತ್ತ ಎತ್ತರದ ಗೋಡೆ ಕಟ್ಟಿಸಿದರು. ದೇವರಿಲ್ಲ, ಬೆಂಕಿಯಿಲ್ಲ. ಒಂದು ಮನೆ, ಒಂದು ಕೋಟೆ. ರಾಜ್ಯಗಳು ನಿಜವಾಗಿ ಹುಟ್ಟುವುದು ಹೀಗೇ ಅಂತ ನನ್ನ ಅನಿಸಿಕೆ.

ಗಂಗೆಯ ಬಯಲಿನ ದೊಡ್ಡ ರಾಜಧಾನಿ ಕನೌಜ್ ಆಳಿದ್ದು ಮಾತ್ರ ಇನ್ನೊಂದು ಶಾಖೆ. ಅದನ್ನು ಮೇಲೆತ್ತಿದವನು ಒಂದನೇ ನಾಗಭಟ. ಸಿಂಧ್ 712ರಲ್ಲಿ ಅರಬರ ಕೈಗೆ ಹೋಗಿತ್ತು, ಅಲ್ಲಿಂದ ಅವರ ದಂಡು ರಾಜಸ್ಥಾನ, ಗುಜರಾತ್, ಮಾಳವದವರೆಗೂ ನುಗ್ಗುತ್ತಿತ್ತು. ನಾಗಭಟ ಅದನ್ನು ತಡೆದ. ಅವನೊಬ್ಬನೇ ಅಲ್ಲ, ಅದೇ ಹೊತ್ತಿಗೆ ನವಸಾರಿ ಕಡೆ ಬಾದಾಮಿ ಚಾಲುಕ್ಯರ ಗುಜರಾತ್ ಶಾಖೆಯ ಪುಲಕೇಶಿಯೂ ಅರಬರನ್ನು ಸೋಲಿಸಿದ್ದ. ಆದರೆ ಈ ಗೆಲುವಿನಿಂದ ಜಾಸ್ತಿ ಲಾಭ ಆದದ್ದು ನಾಗಭಟನ ಮನೆತನಕ್ಕೆ.

ಮುಂದೆ ವತ್ಸರಾಜ. ಅವನು ಬಂಗಾಳದ ಗೌಡ ನಾಡಿನ ರಾಜನನ್ನು ಸೋಲಿಸಿ, ಅರಸುತನದ ಗುರುತಾದ ಎರಡು ಬೆಳ್ಗೊಡೆ ಕಿತ್ತುಕೊಂಡು ಬಂದ. ರಾಷ್ಟ್ರಕೂಟ ಧ್ರುವ ಬಂದು ಇವನನ್ನು ಸೋಲಿಸಿ, ಆ ಕೊಡೆಗಳನ್ನೂ ಕಿತ್ತುಕೊಂಡು, ಇವನನ್ನು ಮರಳುಗಾಡಿಗೆ ಓಡಿಸಿದ. ಮುಂದೆ ಎರಡನೇ ನಾಗಭಟನನ್ನು ಧ್ರುವನ ಮಗ ಮೂರನೇ ಗೋವಿಂದ ಸೋಲಿಸಿದ. ಇಷ್ಟು ಹೊಡೆತ ತಿಂದವರು ಬೆಳೆದದ್ದು ಹೇಗೆ? ನಮ್ಮವರು ಗೆದ್ದರು, ಆದರೆ ಗೆದ್ದಮೇಲೆ ವಾಪಸ್ ಬಂದರು. ದಖ್ಖನ್ನಿನಲ್ಲಿ ಕೂತು ಗಂಗೆಯ ಬಯಲು ಆಳುವುದು ಸುಮ್ನೆ ಮಾತಲ್ಲ. ಪ್ರತೀಹಾರರಿಗೋ ಅದು ಪಕ್ಕದ ಸೀಮೆ. ಗೋವಿಂದ ಅತ್ತ ತಿರುಗಿದ, ಇವರು ಇತ್ತ ಎದ್ದರು. ಕನೌಜ್ ಕೊನೆಗೂ ಅವರದೇ ಆಯಿತು.

836ರ ಹೊತ್ತಿಗೆ ಪಟ್ಟಕ್ಕೆ ಬಂದ ಮಿಹಿರ ಭೋಜನ ಕಾಲಕ್ಕೆ ಅದು ದೊಡ್ಡ ರಾಜ್ಯ. ಅವನ ಬೆಳ್ಳಿ ನಾಣ್ಯದ ಮೇಲೆ ಆದಿವರಾಹನ ಚಿತ್ರ. 851ರ ಸುಲೇಮಾನನ ಹೆಸರಿನ ಅರಬ್ ಬರಹ, ಇಂಥ ಕುದುರೆ ದಂಡು ಹಿಂದೂಸ್ತಾನದ ಬೇರೆ ರಾಜನಿಗಿಲ್ಲ, ಇವನ ನಾಡಿನಷ್ಟು ಕಳ್ಳರ ಭಯ ಇಲ್ಲದ ಜಾಗ ಇನ್ನೊಂದಿಲ್ಲ ಅನ್ನುತ್ತದೆ. ಅರಬರಿಗೆ ಇವನು ಕಡು ವೈರಿ, ಆದರೂ ಹೀಗೆ ಹೊಗಳಿದ್ದಾರೆ!

ಆ ಆಡಳಿತ ಹತ್ತಿರದಿಂದ ನೋಡಬೇಕು ಅಂದ್ರೆ ಗ್ವಾಲಿಯರ್ ಕೋಟೆ ಹತ್ತುವ ದಾರಿಗೆ ಹೋಗಿ. ಅಲ್ಲಿ ಬಂಡೆ ಕೊರೆದು ಮಾಡಿದ ಪುಟ್ಟ ವಿಷ್ಣು ಗುಡಿ ಇದೆ, ಚತುರ್ಭುಜ ದೇವಸ್ಥಾನ ಅಂತಾರೆ. ಕೋಟೆ ನೋಡಿಕೊಳ್ಳುತ್ತಿದ್ದ ‘ಅಲ್ಲ’ ಅನ್ನುವ ಹೆಸರಿನ ಅಧಿಕಾರಿ ಕಟ್ಟಿಸಿದ್ದು. 876ರ ಶಾಸನದಲ್ಲಿ ಹೂದೋಟಕ್ಕೆ ಕೊಟ್ಟ ಜಾಗದ ಅಳತೆ ಇದೆ, 270 ಮೊಳ ಉದ್ದ, 187 ಮೊಳ ಅಗಲ. ದೇವರಿಗೆ ದಿನಕ್ಕೆ 50 ಮಾಲೆ. ಗಾಣಿಗರು ದೀಪಕ್ಕೆ ಎಣ್ಣೆ ಕೊಡುವ ಲೆಕ್ಕವೂ ಇದೆ. ಆ 270ರ ಕೊನೆಯಲ್ಲಿ, 50ರ ಕೊನೆಯಲ್ಲಿ ಪುಟ್ಟ ಸೊನ್ನೆ, ನಮ್ಮ ದೇಶದಲ್ಲಿ ಕಲ್ಲಿನ ಮೇಲೆ ಸಿಕ್ಕ ತುಂಬಾ ಹಳೆಯ ಸೊನ್ನೆಗಳಲ್ಲಿ ಒಂದು. ಗಣಿತದವರು ಅದನ್ನು ನೋಡೋಕೇ ಅಲ್ಲಿಗೆ ಹೋಗುತ್ತಾರೆ.

916ರಲ್ಲಿ ರಾಷ್ಟ್ರಕೂಟ ಮೂರನೇ ಇಂದ್ರ ಕನೌಜ್ ಮೇಲೆ ಬಿದ್ದ. ಪ್ರತೀಹಾರ ಅರಸ ಮಹೀಪಾಲ ಊರು ಬಿಟ್ಟು ಓಡಿದ. ಬೆನ್ನಟ್ಟಿದವನು ಇಂದ್ರನ ಸಾಮಂತ, ವೇಮುಲವಾಡದ ಚಾಲುಕ್ಯ ನರಸಿಂಹ, ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ಅಪ್ಪ. ಗುರ್ಜರ ರಾಜನನ್ನು ಸೋಲಿಸಿ ಗಂಗೆಯಲ್ಲಿ ತನ್ನ ಕುದುರೆ ಮೀಯಿಸಿದ ಅಂತ ಪಂಪ ಹೆಮ್ಮೆಯಿಂದ ಹೇಳುತ್ತಾನೆ. ಮಹೀಪಾಲ ಕನೌಜ್‌ಗೆ ಮತ್ತೆ ಬಂದ, ನಿಜ. ಆದರೆ ಕೈಕೆಳಗಿನ ಚಂದೇಲರು, ಪರಮಾರರು, ಚೌಹಾಣರು ಒಬ್ಬೊಬ್ಬರಾಗಿ ತಲೆಯೆತ್ತಿದರು. 1018ರಲ್ಲಿ ಘಜ್ನಿಯ ಮಹಮೂದ್ ಬಂದಾಗ ರಾಜ್ಯಪಾಲ ಅನ್ನುವ ಹೆಸರಿನ ಪ್ರತೀಹಾರ ಅರಸ ಕಾದಾಡದೆ ಕನೌಜ್ ಬಿಟ್ಟ. ಆ ಸಿಟ್ಟಿಗೆ ಅವನನ್ನು ಕೊಲ್ಲಿಸಿದವನು ಚಂದೇಲ ವಿದ್ಯಾಧರ, ಹಿಂದೆ ಪ್ರತೀಹಾರರ ಕೈಕೆಳಗೇ ಇದ್ದ ಮನೆತನದವನು.