ಪೆಟ್ರೋಲ್ ಬಾಟಲಿ ಒಂದೇ, ಅಪರಾಧ ಎರಡು

ನಮಸ್ಕಾರ. ಒಂದು ಗಾಜಿನ ಬಾಟಲಿ. ಒಳಗೆ ಅರ್ಧದಷ್ಟು ಪೆಟ್ರೋಲ್, ಬಾಯಿಗೆ ತುರುಕಿದ ಹಳೆಯ ಬಟ್ಟೆಯ ಚೂರು. ಇದಕ್ಕೆ ಬೆಂಕಿ ಹಚ್ಚಿ ಒಬ್ಬನು ಇನ್ನೊಬ್ಬರ ಮನೆಯ ಮೇಲೆ ಎಸೆಯುತ್ತಾನೆ. ಅವನು ದೊಂಬಿಕೋರನೋ, ಭಯೋತ್ಪಾದಕನೋ? ಎರಡೂ ಒಂದೇ ಎಂದು ನೀವು ಹೇಳಬಹುದು. ಸುಟ್ಟ ಮನೆಯ ಮುಂದೆ ನಿಂತವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಕಾನೂನಿನ ಕಣ್ಣಿಗೆ ಇವು ಎರಡು ಬೇರೆ ಅಪರಾಧಗಳು. ಆ ವ್ಯತ್ಯಾಸವನ್ನು ನಾವು ಕೈಬಿಟ್ಟರೆ ನಷ್ಟವಾಗುವುದು ಮನೆ ಕಳೆದುಕೊಂಡವರಿಗೇ. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

2020ರ ಆಗಸ್ಟ್ 11ರ ರಾತ್ರಿ ನಿಮಗೆ ನೆನಪಿರಬಹುದು. ಶಾಸಕರೊಬ್ಬರ ಸಂಬಂಧಿ ಜಾಲತಾಣದಲ್ಲಿ ಹಾಕಿದ ಒಂದು ಬರಹದಿಂದ ಕೆರಳಿದ ಗುಂಪು ಬೆಂಗಳೂರಿನ ಕಾವಲ್ ಬೈರಸಂದ್ರದಲ್ಲಿ ಆ ಶಾಸಕರ ಮನೆಗೆ ಬೆಂಕಿ ಇಟ್ಟಿತು. ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಪೊಲೀಸ್ ಠಾಣೆಗಳ ಮೇಲೆ ದಾಳಿ ನಡೆಯಿತು, ವಾಹನಗಳು ಹೊತ್ತಿ ಉರಿದವು. ಪೊಲೀಸರ ಗುಂಡಿಗೆ ಮೂವರು ಸತ್ತರು. ಕೆಲವೇ ದಿನಗಳಲ್ಲಿ ಪ್ರಕರಣಕ್ಕೆ ಯುಎಪಿಎ, ಅಂದರೆ ಭಯೋತ್ಪಾದನೆಗೆ ಹಾಕುವ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ ಸೇರಿತು. ಸೆಪ್ಟೆಂಬರ್‌ನಲ್ಲಿ ತನಿಖೆ ಎನ್‌ಐಎ, ಅಂದರೆ ರಾಷ್ಟ್ರೀಯ ತನಿಖಾ ದಳದ ಕೈಗೆ ಹೋಯಿತು. ಸರಿಯಾಯಿತು ಎಂದು ಅರ್ಧ ಊರು, ಅನ್ಯಾಯ ಎಂದು ಇನ್ನರ್ಧ ಊರು. ಆ ಜಗಳದಲ್ಲಿ ಇದ್ದವರ ಪೈಕಿ ಭಯೋತ್ಪಾದಕ ಕೃತ್ಯ ಎಂದರೇನು ಎಂದು ತಿಳಿಸುವ ಕಾಯ್ದೆಯ 15ನೇ ಕಲಂ ಏನು ಹೇಳುತ್ತದೆ ಎಂದು ಓದಿದವರು ಎಷ್ಟು ಜನರೋ ಕಾಣೆ.

ಓದೋಣ ಬನ್ನಿ. ಆ ಕಲಂನಲ್ಲಿ ಮುಖ್ಯವಾಗಿ ಎರಡು ತುಂಡುಗಳಿವೆ. ಒಂದು, ಸಾಧನ: ಬಾಂಬು, ಸ್ಫೋಟಕ, ಬೇಗನೆ ಹೊತ್ತಿಕೊಳ್ಳುವ ವಸ್ತು, ಬಂದೂಕು, ವಿಷಾನಿಲ. ಪಟ್ಟಿಯ ಕೊನೆಗೆ, ಬೇರೆ ಯಾವುದೇ ಬಗೆಯ ಸಾಧನ. ನಮ್ಮ ಪೆಟ್ರೋಲ್ ಬಾಟಲಿ ಈ ಪಟ್ಟಿಯೊಳಗೆ ಸಲೀಸಾಗಿ ಕೂರುತ್ತದೆ. ಹಾಗೆ ನೋಡಿದರೆ ಬೀದಿಯ ಕಲ್ಲೂ ಕೂರಬಹುದು. ಆದ್ದರಿಂದ ಸಾಧನವನ್ನು ನೋಡಿ ಯಾರನ್ನೂ ಭಯೋತ್ಪಾದಕ ಎನ್ನಲಾಗದು. ಎಲ್ಲ ಭಾರವೂ ಎರಡನೆಯ ತುಂಡಿನ ಮೇಲಿದೆ, ಅದು ಉದ್ದೇಶ. ದೇಶದ ಏಕತೆ, ಸಮಗ್ರತೆ, ಭದ್ರತೆ, ಆರ್ಥಿಕ ಭದ್ರತೆ ಅಥವಾ ಸಾರ್ವಭೌಮತ್ವಕ್ಕೆ ಬೆದರಿಕೆ ಒಡ್ಡುವ ಉದ್ದೇಶ ಇರಬೇಕು. ಇಲ್ಲವೇ ಜನರಲ್ಲಿ ಅಥವಾ ಜನರ ಒಂದು ವರ್ಗದಲ್ಲಿ ಭೀತಿ ಹುಟ್ಟಿಸುವ ಉದ್ದೇಶ ಇರಬೇಕು.

ಇಲ್ಲಿಯವರೆಗೆ ನನಗೆ ತಕರಾರಿಲ್ಲ. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೊರಿಕ್ಷಾದೊಳಗೆ ಕುಕ್ಕರ್ ಬಾಂಬ್ ಸಿಡಿಯಿತು. ಚಾಲಕನೂ ಪ್ರಯಾಣಿಕನೂ ಗಾಯಗೊಂಡರು, ಯಾರೂ ಸಾಯಲಿಲ್ಲ. ಆದರೂ ಅದಕ್ಕೆ ಯುಎಪಿಎ ಹಾಕಿದ್ದು ತಾರ್ಕಿಕವೇ, ಏಕೆಂದರೆ ಈ ಅಪರಾಧವನ್ನು ಹೆಣಗಳ ಲೆಕ್ಕದಿಂದ ಅಳೆಯುವುದಿಲ್ಲ. ಬಾಂಬು ಕಟ್ಟಿಕೊಂಡು ಹೊರಟವನಿಗೆ ಎದುರು ಸಿಗುವವರು ಯಾರೆಂಬುದೇ ಮುಖ್ಯವಲ್ಲ, ಸಿಗದೆ ಉಳಿದ ಲಕ್ಷಾಂತರ ಜನ ನಡುಗಬೇಕು ಅಷ್ಟೇ.

ನನ್ನ ತಕರಾರು ಇರುವುದು ಅದೇ ಕಲಂನಲ್ಲಿ ಅಡಗಿರುವ ಒಂದು ಸಣ್ಣ ಮಾತಿನ ಬಗ್ಗೆ. ಭೀತಿ ಹುಟ್ಟಿಸುವ ಉದ್ದೇಶದಿಂದ, ‘ಅಥವಾ ಭೀತಿ ಹುಟ್ಟುವ ಸಂಭವವಿರುವಂತೆ’ ಮಾಡಿದ ಕೃತ್ಯ. ಈ ‘ಅಥವಾ’ ಬಂದ ಕೂಡಲೇ ಆರೋಪಿಯ ಮನಸ್ಸನ್ನು ಸಾಬೀತುಪಡಿಸುವ ಹೊಣೆ ಸಡಿಲವಾಗುತ್ತದೆ. ಯಾವ ಗಲಭೆಯಲ್ಲಿ ಜನ ಹೆದರುವುದಿಲ್ಲ ಹೇಳಿ? ಅಂಗಡಿಯ ಶಟರ್ ಎಳೆದು, ಮಕ್ಕಳನ್ನು ಒಳಕೋಣೆಗೆ ತಳ್ಳಿ, ದೀಪ ಆರಿಸಿ ಕುಳಿತ ಪ್ರತಿಯೊಬ್ಬರಿಗೂ ಅದು ಭೀತಿಯೇ. ಹಳೆಯ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಭಯೋತ್ಪಾದನೆಯ ಕುರಿತಾದ 113ನೇ ಕಲಂ ಕೂಡ ಇದೇ ‘ಸಂಭವ’ವನ್ನು ಉಳಿಸಿಕೊಂಡಿದೆ. ಯುಎಪಿಎ ಹಾಕಬೇಕೋ 113 ಹಾಕಬೇಕೋ ಎಂದು ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಯೇ ನಿರ್ಧರಿಸಬಹುದು. ಯುಎಪಿಎ ಆದರೆ, ಆರೋಪ ಮೇಲ್ನೋಟಕ್ಕೆ ನಿಜ ಎಂದು ನಂಬಲು ಕಾರಣವಿದ್ದರೆ ಸಾಕು, ನ್ಯಾಯಾಲಯ ಜಾಮೀನು ಕೊಡುವಂತಿಲ್ಲ. ವಿಚಾರಣೆ ಶುರುವಾಗುವ ಮೊದಲೇ ವರ್ಷಗಟ್ಟಲೆ ಸೆರೆಮನೆ. ಇಂಥ ಬಾಗಿಲಿನ ಕೀಲಿಕೈ ಒಬ್ಬ ಅಧಿಕಾರಿಯ ಜೇಬಿನಲ್ಲಿರುವುದು ನನಗೆ ಆತಂಕ ತರುತ್ತದೆ.

ನಮ್ಮ ಸುಪ್ರೀಂ ಕೋರ್ಟ್ ಈ ಗೆರೆಯನ್ನು ಬಹಳ ಹಿಂದೆಯೇ ಎಳೆದಿತ್ತು. 1965ರಲ್ಲಿ ರಾಮ ಮನೋಹರ ಲೋಹಿಯಾ ಅವರ ಬಂಧನದ ಪ್ರಕರಣದಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಒಂದರೊಳಗೊಂದು ಮೂರು ವೃತ್ತಗಳನ್ನು ಕಲ್ಪಿಸಿಕೊಳ್ಳಿ ಎಂದರು. ದೊಡ್ಡದು ಕಾನೂನು ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಶಾಂತಿ, ಎಲ್ಲಕ್ಕಿಂತ ಒಳಗೆ ರಾಜ್ಯದ ಭದ್ರತೆ. ಹೊರಗಿನ ವೃತ್ತ ಕದಡಿದ ಮಾತ್ರಕ್ಕೆ ಒಳಗಿನದೂ ಕದಡಿತೆಂದು ಅರ್ಥವಲ್ಲ. 1994ರಲ್ಲಿ ಟಾಡಾ ಎಂಬ ಆಗಿನ ಭಯೋತ್ಪಾದನೆ ತಡೆ ಕಾಯ್ದೆಯ ಒಂದು ತೀರ್ಪಿನಲ್ಲಿ ನ್ಯಾಯಾಲಯ ಇನ್ನೂ ಬಿಡಿಸಿ ಹೇಳಿತು: ಸಾಮಾನ್ಯ ಪೊಲೀಸ್ ವ್ಯವಸ್ಥೆ ಸಾಮಾನ್ಯ ಕಾನೂನಿನಡಿ ನಿಭಾಯಿಸಬಹುದಾದ ಅಪರಾಧವನ್ನು ಭಯೋತ್ಪಾದನೆ ಎನ್ನುವಂತಿಲ್ಲ.

ಹಾಗಾದರೆ ದೊಂಬಿ ಮಾಡಿದವರನ್ನು ಸುಮ್ಮನೆ ಬಿಟ್ಟುಬಿಡಬೇಕೇ? ಖಂಡಿತ ಬಿಡಬಾರದು. ಐದು ಜನ ಸೇರಿದರೆ, ಅವರ ಸಮಾನ ಉದ್ದೇಶ ಅಪರಾಧವಾಗಿದ್ದರೆ, ಅದು ಅಕ್ರಮ ಕೂಟ. ಆ ಉದ್ದೇಶಕ್ಕಾಗಿ ಕೂಟದ ಒಬ್ಬ ಮಾಡಿದ ಕೊಲೆಗೆ ಉಳಿದವರೂ ಹೊಣೆ. ಹಳೆಯ ದಂಡ ಸಂಹಿತೆಯಲ್ಲಿ ಇದು 149, ಹೊಸದರಲ್ಲಿ 190. ಇದೇನು ಸಣ್ಣ ಅಸ್ತ್ರವಲ್ಲ. ಕೊಂದವನಿಗೆ ಕೊಡುವ ಶಿಕ್ಷೆಯನ್ನೇ ದೊಣ್ಣೆ ಹಿಡಿದು ಜೊತೆಗೆ ನಿಂತವನಿಗೂ ಕೊಡಬಲ್ಲ ಕಲಂ ಅದು.

ಆದರೆ ಅಸ್ತ್ರ ಇದ್ದೂ ನಾವು ಸೋತಿದ್ದೇವೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಏಳು ಜೀವಗಳು ಹೋದ ಆ ಬೆಂಕಿಯನ್ನು ಯಾರು ಹಚ್ಚಿದರು ಎಂಬುದಕ್ಕೆ ಕಾನೂನಿನ ಪುಸ್ತಕದಲ್ಲಿ ಇವತ್ತಿಗೂ ಉತ್ತರವಿಲ್ಲ. ಅಲ್ಲಿ ಭಯೋತ್ಪಾದನೆ ಎಂಬ ಪದ ಇದ್ದಿದ್ದರೆ ಫಲಿತಾಂಶ ಬದಲಾಗುತ್ತಿತ್ತೇ? ಸಾಕ್ಷಿಯ ಕಟಕಟೆ ಬರಿದಾಗಿರುವಾಗ ಎಷ್ಟು ದೊಡ್ಡ ಕಾಯ್ದೆ ಇದ್ದರೇನು?

ವಿಚಾರಣಾ ನ್ಯಾಯಾಲಯಗಳಲ್ಲಿ ಕುಳಿತು ನೋಡಿದವರಿಗೆ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ. ಮಹಜರಿಗೆ, ಅಂದರೆ ಪೊಲೀಸರು ಸ್ಥಳದಲ್ಲಿ ಕಂಡದ್ದನ್ನು ಬರೆದ ದಾಖಲೆಗೆ, ಸಾಕ್ಷಿಯಾಗಿ ಸಹಿ ಹಾಕಿದ ಪಂಚ ಮೆಲ್ಲಗೆ ಹೇಳುತ್ತಾನೆ: ‘ಠಾಣೆಗೆ ಕರೆಸಿದರು, ಸಹಿ ಹಾಕು ಎಂದರು, ಹಾಕಿದೆ. ಅದರಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ.’ ಸರ್ಕಾರಿ ವಕೀಲರು ಅವನನ್ನು ಪ್ರತಿಕೂಲ ಸಾಕ್ಷಿ, ಅಂದರೆ ತಿರುಗಿಬಿದ್ದ ಸಾಕ್ಷಿ, ಎಂದು ಘೋಷಿಸಲು ಕೋರುತ್ತಾರೆ. ಪ್ರಕರಣ ಅಲ್ಲಿಗೆ ಕುಂಟತೊಡಗುತ್ತದೆ.

ಈಗ ಕೊಪ್ಪಳ ಜಿಲ್ಲೆಯ ಮರಕುಂಬಿಗೆ ಬನ್ನಿ. 2014ರ ಆಗಸ್ಟ್‌ನಲ್ಲಿ, ಗಂಗಾವತಿಯ ಚಿತ್ರಮಂದಿರದ ಬಳಿ ಆದ ಜಗಳ ಊರಿಗೆ ಬಂದು ದಲಿತರ ಮನೆಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು, ಮೂವರಿಗೆ ಐದು ವರ್ಷ. ಅಲ್ಲಿ ಯುಎಪಿಎ ಇರಲಿಲ್ಲ. ದಂಡ ಸಂಹಿತೆ ಇತ್ತು, ಜೊತೆಗೆ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಇತ್ತು, ಅದರಲ್ಲಿ ವಾಸದ ಮನೆಗೆ ಬೆಂಕಿ ಇಡುವುದಕ್ಕೆ ಜೀವಾವಧಿಯೇ ಶಿಕ್ಷೆ. ಬಳಿಕ ಹೈಕೋರ್ಟ್ ಬಹುತೇಕರಿಗೆ ಜಾಮೀನು ನೀಡಿತು, ಅದು ಮೇಲ್ಮನವಿಯ ಹಾದಿ. ಆದರೆ ನ್ಯಾಯಾಧೀಶರ ಮುಂದೆ ನಿಂತು ಜನ ಸಾಕ್ಷಿ ಹೇಳಿದರು, ಹತ್ತು ವರ್ಷದ ನಂತರವೂ ಹೇಳಿದರು. ನನಗೆ ಅದು ದೊಡ್ಡದು.

ಆದ್ದರಿಂದ ಮುಂದಿನ ಸಲ ಎಲ್ಲಾದರೂ ಗಲಭೆಯಾದಾಗ, ‘ಯುಎಪಿಎ ಹಾಕಿ’ ಎಂದು ಕೂಗುವ ಮುನ್ನ ಸಾಕ್ಷಿಗಳನ್ನು ಯಾರು ಕಾಯುತ್ತಿದ್ದಾರೆ ಎಂದು ನಿಮ್ಮ ಶಾಸಕರನ್ನು ಕೇಳಿ. 2018ರಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ಸಂರಕ್ಷಣಾ ಯೋಜನೆಯೊಂದಕ್ಕೆ ಒಪ್ಪಿಗೆ ಕೊಟ್ಟು, ಕಾನೂನು ಬರುವವರೆಗೆ ಇದೇ ಕಾನೂನು ಎಂದಿತು. ಅದರ ಪ್ರಕಾರ ಬೆದರಿಕೆಗೆ ಒಳಗಾದ ಸಾಕ್ಷಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಡಬಹುದು. ಮನೆಗೆ ಕಾವಲು, ನ್ಯಾಯಾಲಯಕ್ಕೆ ಹೋಗಿಬರಲು ಬೆಂಗಾವಲು, ಬೇಕಾದರೆ ಊರಿನಿಂದ ಬೇರೆ ಕಡೆ ವಸತಿ, ಇವೆಲ್ಲ ಅದರಲ್ಲಿವೆ. ನಿಮ್ಮ ಕೇರಿಯಲ್ಲಿ ಯಾರಾದರೂ ಸಾಕ್ಷಿ ಹೇಳಲು ಹೆದರಿ ಕುಳಿತಿದ್ದರೆ ಈ ಮಾತನ್ನು ಇವತ್ತೇ ಅವರ ಕಿವಿಗೆ ಹಾಕಿ.