ಸೀಮೆನ್ಸ್‌ಬಾನ್: ಕಂಪನಿ ಕರೆದಾಗ ಬರುವ ರೈಲು

ನಮಸ್ಕಾರ. ಇವತ್ತು ಬರೀ ನಾಲ್ಕೂವರೆ ಕಿಲೋಮೀಟರ್ ಉದ್ದದ ಒಂದು ರೈಲು ಹಾದಿಯ ಬಗ್ಗೆ ಮಾತಾಡುತ್ತೇನೆ. ಬರ್ಲಿನ್ ನಗರದ ವಾಯವ್ಯ ಭಾಗದಲ್ಲಿದೆ. ಹೆಸರು ಸೀಮೆನ್ಸ್‌ಬಾನ್. ನಡೆದುಕೊಂಡೇ ಹೋದರೂ ಒಂದು ಗಂಟೆಯಲ್ಲಿ ಮುಗಿಯುವ ದೂರ. ಅಷ್ಟು ಚಿಕ್ಕ ಹಾದಿಗೆ ಇಷ್ಟು ಹೊತ್ತಿನ ಮಾತು ಯಾಕೆ ಅಂತ ಅನ್ನಿಸಬಹುದು. ಈ ಹಾದಿಯಲ್ಲಿ 1980ರ ಸೆಪ್ಟೆಂಬರ್‌ನಿಂದ ಒಂದೇ ಒಂದು ರೈಲೂ ಪ್ರಯಾಣಿಕರನ್ನು ಹೊತ್ತುಕೊಂಡು ಹೋಗಿಲ್ಲ. ಅದು ನಿಂತ ರೀತಿ ನನಗೆ ಬೇಜಾರು ತರಿಸುತ್ತದೆ. ಅದಕ್ಕಿಂತ ಜಾಸ್ತಿ ಬೇಜಾರು, ಅದು ಮತ್ತೆ ಬರುತ್ತಿರುವ ರೀತಿ.

ನಾನು ಬರ್ಲಿನ್‌ಗೆ ಬಂದ ಹೊಸತರಲ್ಲಿ ಮನೆ ಹುಡುಕುತ್ತಾ ಸೀಮೆನ್ಸ್‌ಸ್ಟಾಟ್ ಬಡಾವಣೆಗೆ ಹೋಗಿದ್ದೆ. ಯು-ಬಾನ್, ಅಂದರೆ ಮೆಟ್ರೊ ರೈಲು ಇಳಿದು ಮೇಲೆ ಬಂದು ಸ್ವಲ್ಪ ನಡೆದರೆ ತಲೆಯ ಮೇಲೆ ಉಕ್ಕಿನ ಮೇಲ್ಸೇತುವೆ. ಸಾಲು ಸಾಲು ಕಂಬ. ಕಂಬದ ತುಂಬ ಬೆರಳ ತುದಿಯಷ್ಟು ದಪ್ಪದ ರಿವೆಟ್ ತಲೆಗಳು. ಬಣ್ಣ ಎದ್ದು, ಸಿಪ್ಪೆ ಸಿಪ್ಪೆಯಾಗಿ ಉದುರುತ್ತಿತ್ತು. ಒಂದು ರಿವೆಟ್ ಮೇಲೆ ಕೈಯಿಟ್ಟೆ, ಅಂಗೈಗೆ ಕೆಂಪು ತುಕ್ಕು ಅಂಟಿಕೊಂಡಿತು. ತಲೆಯೆತ್ತಿ ನೋಡಿದರೆ ಹಳಿ ಇರಬೇಕಾದ ಜಾಗದಲ್ಲಿ ಬರ್ಚ್ ಮರದ ಎಲೆಗಳು ಅಲ್ಲಾಡುತ್ತಿದ್ದವು. ರೈಲು ಸೇತುವೆಯ ಮೇಲೆ ಕಾಡು. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರನ್ನು ಕೇಳಿದೆ, ಇದು ಯಾವ ರೈಲು ಅಂತ. ‘ನಮ್ಮದು’ ಅಂದರು. ಅಷ್ಟರಲ್ಲಿ ಬಸ್ ಬಂತು, ಹತ್ತಿಕೊಂಡು ಹೋದರು.

ಆ ‘ನಮ್ಮದು’ ಅನ್ನುವ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಯಾಕೆಂದರೆ ಇದರ ಚರಿತ್ರೆ ಓದುತ್ತಾ ಹೋದ ಹಾಗೆ, ಈ ಹಾದಿ ಆ ಅಜ್ಜಿಯಂಥವರದ್ದು ಯಾವತ್ತೂ ಆಗಿರಲೇ ಇಲ್ಲ ಅಂತ ಗೊತ್ತಾಯಿತು.

ಮೊದಲಿಂದ ಹೇಳುತ್ತೇನೆ. 1897ರಲ್ಲಿ ಸೀಮೆನ್ಸ್ ಕಂಪನಿ ಬರ್ಲಿನ್ ಊರಾಚೆ, ಸ್ಪ್ರೇ ನದಿಯ ಉತ್ತರಕ್ಕೆ, ಜೌಗು ಹುಲ್ಲುಗಾವಲು ಕೊಂಡಿತು. ನೊನ್ನೆನ್‌ಡಾಮ್ ಅಂತ ಆ ಕಡೆಯ ಹೆಸರು. ಅಲ್ಲಿ ಕಾರ್ಖಾನೆ ಮೇಲೆ ಕಾರ್ಖಾನೆ ಎದ್ದಿತು. 1914ರ ಹೊತ್ತಿಗೆ ಇಡೀ ಪ್ರದೇಶಕ್ಕೇ ಸೀಮೆನ್ಸ್‌ಸ್ಟಾಟ್, ಅಂದರೆ ಸೀಮೆನ್ಸ್ ಪಟ್ಟಣ ಅಂತ ಹೆಸರಾಯಿತು. ಹತ್ತಾರು ಸಾವಿರ ಜನ ಕೆಲಸಕ್ಕೆ ಬರುತ್ತಿದ್ದರು. ಬರುವುದು ಹೇಗೆ? ಹತ್ತಿರದ ರೈಲು ನಿಲ್ದಾಣಗಳಲ್ಲಿ ಇಳಿದು, ಕಾಲ್ನಡಿಗೆಯಲ್ಲೋ ಟ್ರಾಮ್‌ನಲ್ಲೋ. ಶಿಫ್ಟ್ ಬಿಟ್ಟಾಗ ಟ್ರಾಮ್ ತುಂಬಿ ತುಳುಕುತ್ತಿತ್ತು.

ಆಗ ಕಂಪನಿ ಒಂದು ಅಪರೂಪದ ಕೆಲಸ ಮಾಡಿತು. ತನ್ನ ಜಾಗ ಬಿಟ್ಟುಕೊಟ್ಟು, ತನ್ನ ದುಡ್ಡು ಹಾಕಿ ರೈಲು ಹಾದಿ ಕಟ್ಟಿಸಿತು. ಓಡಿಸುವ ಜವಾಬ್ದಾರಿ ಮಾತ್ರ ಸರ್ಕಾರಿ ರೈಲ್ವೆಯದು, ಅಂದರೆ ಡಾಯ್ಚ ರೈಕ್ಸ್‌ಬಾನ್‌ನದು. ಕೆಲಸ ಶುರುವಾಗಿದ್ದು 1927ರಲ್ಲಿ. 1929ರ ಡಿಸೆಂಬರ್ 18ರಂದು ರೈಲು ಓಡಿತು. ಯುಂಗ್‌ಫರ್ನ್‌ಹೈಡೆ ನಿಲ್ದಾಣದಲ್ಲಿ, ಊರನ್ನು ಸುತ್ತುವ ರಿಂಗ್‌ಬಾನ್ ಹಾದಿಯಿಂದ ಕವಲೊಡೆದು ಹೊರಟು, ಸ್ಪ್ರೇ ದಾಟಿ, ವೆರ್ನರ್‌ವೆರ್ಕ್, ಸೀಮೆನ್ಸ್‌ಸ್ಟಾಟ್, ಗಾರ್ಟನ್‌ಫೆಲ್ಡ್. ಬರೀ ಮೂರು ಹೊಸ ನಿಲ್ದಾಣ. ಮೂರನ್ನೂ ವಿನ್ಯಾಸ ಮಾಡಿದವರು ಕಂಪನಿಯ ವಾಸ್ತುಶಿಲ್ಪಿ ಹಾನ್ಸ್ ಹೆರ್ಟ್‌ಲೈನ್. ಅಲ್ಲಿನ ಕಾರ್ಖಾನೆಗಳಲ್ಲಿ ಹಲವನ್ನು ಕಟ್ಟಿದವರೂ ಅವರೇ. ನಾನು ಕೈಯಿಟ್ಟ ಆ ಉಕ್ಕಿನ ಮೇಲ್ಸೇತುವೆ ಸುಮಾರು 800 ಮೀಟರ್ ಉದ್ದ. ವೆರ್ನರ್‌ವೆರ್ಕ್ ನಿಲ್ದಾಣ ಅದರ ಮೇಲೆಯೇ ಕೂತಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. 1879ರಲ್ಲಿ ಬರ್ಲಿನ್‌ನ ಒಂದು ವಸ್ತುಪ್ರದರ್ಶನದಲ್ಲಿ ಕಂಪನಿಯ ಸ್ಥಾಪಕ ವೆರ್ನರ್ ಸೀಮೆನ್ಸ್ ಪುಟ್ಟ ವಿದ್ಯುತ್ ಎಂಜಿನ್ ಓಡಿಸಿ ತೋರಿಸಿದ್ದರು. ಎರಡು ವರ್ಷ ಬಿಟ್ಟು ಲಿಖ್ಟರ್‌ಫೆಲ್ಡೆಯಲ್ಲಿ ಅವರ ಎಲೆಕ್ಟ್ರಿಕ್ ಟ್ರಾಮ್ ಓಡಿತು. ಅದೇ ಕಂಪನಿಯ ಕೆಲಸಗಾರರಿಗೆ, ಐವತ್ತು ವರ್ಷದ ನಂತರ, ಅದೇ ಊರಲ್ಲಿ, ಮೂರನೇ ಹಳಿಯಿಂದ ಕರೆಂಟು ತೆಗೆದುಕೊಂಡು ಓಡುವ ರೈಲು. ನನಗೆ ಇದು ನಿಜವಾಗಿಯೂ ಖುಷಿ ಕೊಡುವ ವಿಷಯ. ಕಂಪನಿಯನ್ನು ಬೈಯಲು ಈ ಸಂಚಿಕೆ ಮಾಡುತ್ತಿಲ್ಲ. ಕೆಲಸಗಾರರು ನೆಟ್ಟಗೆ ಮನೆ ಸೇರಲಿ ಅಂತ ರೈಲು ಹಾದಿಯನ್ನೇ ಕಟ್ಟಿಸಿದ ಕಂಪನಿಗಳು ಎಷ್ಟಿವೆ ಹೇಳಿ.

ಆದರೆ ಆ ಹಾದಿಯ ರೂಪ ನೋಡಿ. ನಿಲ್ದಾಣಗಳು ಎಲ್ಲಿವೆ? ಕಾರ್ಖಾನೆಯ ಗೇಟಿನ ಹತ್ತಿರ. ಕೊನೆಯ ನಿಲ್ದಾಣ ಗಾರ್ಟನ್‌ಫೆಲ್ಡ್ ಎಲ್ಲಿ? ಕೇಬಲ್ ಕಾರ್ಖಾನೆಯ ಹತ್ತಿರ. ಅಲ್ಲಿಗೆ ಹಾದಿ ಮುಗಿಯಿತು. ಶಿಫ್ಟ್ ಹೊತ್ತಿಗೆ ಜಾತ್ರೆ, ಉಳಿದ ಹೊತ್ತು ಬಿಕೋ ಅನ್ನುವ ಪ್ಲಾಟ್‌ಫಾರ್ಮ್. ಪಕ್ಕದಲ್ಲೇ 1929ರಿಂದ 1931ರವರೆಗೆ ಹಾನ್ಸ್ ಶರೂನ್, ವಾಲ್ಟರ್ ಗ್ರೋಪಿಯಸ್, ಓಟೊ ಬಾರ್ಟ್ನಿಂಗ್ ಥರದ ದೊಡ್ಡ ವಾಸ್ತುಶಿಲ್ಪಿಗಳು ಕಟ್ಟಿದ ಬಡಾವಣೆ ಇದೆ. ಈಗ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಆ ಮನೆಗಳ ಜನಕ್ಕೂ ರೈಲು ಅನುಕೂಲವಾಯಿತು, ಸರಿ. ಆದರೆ ರೈಲಿನ ಉಸಿರು ಕಾರ್ಖಾನೆಯ ಕೈಯಲ್ಲಿತ್ತು.

ಯುದ್ಧದ ವರ್ಷಗಳನ್ನು ಹಾರಿಸಿಬಿಡಲು ನನಗೆ ಮನಸ್ಸಿಲ್ಲ. ಆ ಕಾರ್ಖಾನೆಗಳಲ್ಲಿ ಬಲವಂತವಾಗಿ ಎಳೆದು ತಂದ ಜನ ದುಡಿದರು. ಪಕ್ಕದ ಹಾಸೆಲ್‌ಹೋರ್ಸ್ಟ್‌ನಲ್ಲಿ ಸಾಕ್ಸನ್‌ಹೌಸನ್ ಯಾತನಾ ಶಿಬಿರದ ಒಂದು ಶಾಖೆಯೇ ಇತ್ತು, ಸೀಮೆನ್ಸ್ ಕೆಲಸಕ್ಕಾಗಿ. ಈ ಹಾದಿಯ ಹಳೇ ಫೋಟೊಗಳನ್ನು ಚೆಂದ ಚೆಂದ ಅಂತ ನೋಡುವಾಗ ಅದನ್ನೂ ನೆನಪಿಟ್ಟುಕೊಂಡಿರಬೇಕು.

1945ರಲ್ಲಿ ಎಲ್ಲ ಮಗುಚಿಬಿತ್ತು. ಕಾರ್ಖಾನೆಯ ಯಂತ್ರಗಳಲ್ಲಿ ಹೆಚ್ಚಿನವನ್ನು ಸೋವಿಯತ್ ಸೇನೆ ಕಳಚಿಕೊಂಡು ಹೋಯಿತು. ಹಾದಿಗೂ ಪೆಟ್ಟು ಬಿದ್ದಿತ್ತು, ಕೆಲವು ವರ್ಷ ಒಂದೇ ಜೋಡಿ ಹಳಿಯಲ್ಲಿ ರೈಲು ಓಡಿತು. ಕಂಪನಿಯ ಮುಖ್ಯ ಕಚೇರಿ ದಕ್ಷಿಣಕ್ಕೆ, ಮ್ಯೂನಿಕ್ ಕಡೆಗೆ ಹೋಯಿತು. ಯಾರಿಗಾಗಿ ಹಾದಿ ಹುಟ್ಟಿತ್ತೋ ಅವರೇ ಊರು ಬಿಡುತ್ತಿದ್ದರು.

ಈಗ ಬರುವುದು ತುಂಬಾ ವಿಚಿತ್ರವಾದ ಭಾಗ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬರ್ಲಿನ್ ನಾಲ್ಕು ಭಾಗವಾಯಿತು, ಆಮೇಲೆ ಪೂರ್ವ-ಪಶ್ಚಿಮ ಅಂತಾಯಿತು. ಆದರೆ ಇಡೀ ಊರಿನ ರೈಲು ಓಡಿಸುವ ಹಕ್ಕು ಮಾತ್ರ ರೈಕ್ಸ್‌ಬಾನ್ ಕೈಯಲ್ಲೇ ಉಳಿಯಿತು. ಆ ರೈಕ್ಸ್‌ಬಾನ್ ಪೂರ್ವ ಜರ್ಮನಿಯದು. ಅಂದರೆ ಪಶ್ಚಿಮ ಬರ್ಲಿನ್‌ನ ಜನ ಕೆಲಸಕ್ಕೆ ಹೋಗಲು ಹತ್ತುವ ಎಸ್-ಬಾನ್ ಅನ್ನುವ ನಗರ ರೈಲು (ಸೀಮೆನ್ಸ್‌ಬಾನ್ ಕೂಡ ಅದರದ್ದೇ ಒಂದು ಹಾದಿ), ಟಿಕೆಟಿನ ದುಡ್ಡು, ನಿಲ್ದಾಣದ ಕಸಬರಿಕೆ, ಎಲ್ಲವೂ ಗಡಿಯಾಚೆಯ ಕಮ್ಯುನಿಸ್ಟ್ ಸರ್ಕಾರದ್ದು. ‘ರೈಕ್ಸ್’ ಅಂದರೆ ಸಾಮ್ರಾಜ್ಯ. ಸಮಾಜವಾದಿ ದೇಶ ಆ ಹೆಸರನ್ನು ಬದಲಾಯಿಸಲೇ ಇಲ್ಲ. ಹೆಸರು ಬದಲಾದರೆ ಪಶ್ಚಿಮದಲ್ಲಿ ರೈಲು ಓಡಿಸುವ ಹಕ್ಕು ಕೈತಪ್ಪೀತು ಅನ್ನುವ ಲೆಕ್ಕ.

1961ರ ಆಗಸ್ಟ್ 13. ಪೂರ್ವ-ಪಶ್ಚಿಮದ ನಡುವೆ ಬರ್ಲಿನ್ ಗೋಡೆ ಎದ್ದಿತು. ಕೆಲವೇ ದಿನಗಳಲ್ಲಿ ಪಶ್ಚಿಮದ ಕಾರ್ಮಿಕ ಸಂಘಟನೆಗಳು, ರಾಜಕಾರಣಿಗಳು ಬಹಿಷ್ಕಾರಕ್ಕೆ ಕರೆ ಕೊಟ್ಟರು. ಎಸ್-ಬಾನ್ ಹತ್ತಿದವನು ಗೋಡೆಯ ಮುಳ್ಳುತಂತಿಗೆ ದುಡ್ಡು ಕೊಟ್ಟ ಹಾಗೆ, ಅನ್ನುವ ಫಲಕ ಹಿಡಿದು ಜನ ನಿಲ್ದಾಣಗಳ ಎದುರು ನಿಂತರು. ಪಶ್ಚಿಮ ಬರ್ಲಿನ್‌ನಲ್ಲಿ ದಿನಕ್ಕೆ ಸುಮಾರು 5 ಲಕ್ಷ ಇದ್ದ ಪ್ರಯಾಣಿಕರು 1 ಲಕ್ಷದ ಆಸುಪಾಸಿಗೆ ಬಂದರು. ಎಸ್-ಬಾನ್ ಹಾದಿಯ ಪಕ್ಕದಲ್ಲೇ ಬಸ್ಸು ಬಿಟ್ಟರು.

ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಒಂದು ರಾತ್ರಿಯಲ್ಲಿ ಅಣ್ಣ ಆ ಕಡೆ, ತಮ್ಮ ಈ ಕಡೆ ಆದರೆ ಯಾರಿಗೆ ಸಿಟ್ಟು ಬರಲ್ಲ? ಆದರೆ ಗೋಡೆ ಎದ್ದು ಐದು ವರ್ಷ, ಹತ್ತು ವರ್ಷ, ಹದಿನೈದು ವರ್ಷವಾದ ಮೇಲೂ ಅದೇ ಬಹಿಷ್ಕಾರ ನಡೆದಿದ್ದು ಸರಿಯೇ? ನನ್ನ ಅಭಿಪ್ರಾಯದಲ್ಲಿ ಅಲ್ಲ. ಗೋಡೆಗೆ ಅದರಿಂದ ಒಂದು ಇಟ್ಟಿಗೆಯೂ ಕಡಿಮೆಯಾಗಲಿಲ್ಲ. ಹಾಳಾಗಿದ್ದು ಪಶ್ಚಿಮದವರದ್ದೇ ರೈಲು. ಬಣ್ಣ ಕಾಣದ ನಿಲ್ದಾಣಗಳು, ಮರದ ಬೆಂಚಿನ ಹಳೇ ಬೋಗಿಗಳು, ಖಾಲಿ ಸೀಟುಗಳು. ಸೀಮೆನ್ಸ್‌ಬಾನ್‌ನಲ್ಲಂತೂ ಕಾರ್ಖಾನೆಯ ಜನವೂ ಕರಗುತ್ತಿದ್ದರು, ಹಾಗಾಗಿ ಎರಡು ಕಡೆಯಿಂದ ಏಟು.

1980ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಬರ್ಲಿನ್‌ನ ರೈಕ್ಸ್‌ಬಾನ್ ನೌಕರರು ಮುಷ್ಕರ ಹೂಡಿದರು. ಅವರ ಪಾಡು ಯೋಚಿಸಿ. ವಾಸ ಪಶ್ಚಿಮದಲ್ಲಿ, ಬಾಡಿಗೆ ಪಶ್ಚಿಮದ್ದು, ಸಂಬಳ ಕೊಡುವವರು ಪೂರ್ವದವರು. ಸಂಬಳ ಕಡಿಮೆ, ಮೇಲಿಂದ ರಾತ್ರಿ ರೈಲುಗಳಿಗೆ ಕತ್ತರಿ. ಸಿಗ್ನಲ್ ಕೋಣೆಗಳನ್ನು ಹಿಡಿದು ಕೂತರು. ಪೂರ್ವದ ಆಡಳಿತ ಮಣಿಯಲಿಲ್ಲ. ಕೆಲವೇ ದಿನಗಳಲ್ಲಿ ಮುಷ್ಕರ ಮುರಿಯಿತು, ತುಂಬಾ ಜನ ಕೆಲಸ ಕಳೆದುಕೊಂಡರು. ನಷ್ಟದ ಹಾದಿಗಳನ್ನು ಬಿಟ್ಟುಬಿಡಲು ಇದೇ ಸಮಯ ಅಂತ ಆಡಳಿತ ಪಶ್ಚಿಮ ಬರ್ಲಿನ್‌ನ ಹೆಚ್ಚುಕಡಿಮೆ ಅರ್ಧ ಎಸ್-ಬಾನ್ ಜಾಲವನ್ನು ಮತ್ತೆ ಶುರು ಮಾಡಲೇ ಇಲ್ಲ. ಅದರಲ್ಲಿ ಸೀಮೆನ್ಸ್‌ಬಾನ್ ಒಂದು. ಬೀಳ್ಕೊಡುಗೆ ಇಲ್ಲ, ಕೊನೆಯ ರೈಲಿಗೆ ಹೂವಿನ ಹಾರ ಇಲ್ಲ. ಒಂದು ದಿನ ರೈಲು ಬಂತು, ಮರುದಿನ ಬರಲಿಲ್ಲ, ಅಷ್ಟೆ.

ಎರಡು ವಾರವೂ ಆಗಿರಲಿಲ್ಲ. ಅಕ್ಟೋಬರ್ 1ಕ್ಕೆ ಯು-ಬಾನ್‌ನ ಏಳನೇ ಮಾರ್ಗ ಸೀಮೆನ್ಸ್‌ಸ್ಟಾಟ್‌ಗೆ ಬಂತು. ಸೀಮೆನ್ಸ್‌ಡಾಮ್, ರೋರ್‌ಡಾಮ್ ಅಂತ ಎರಡು ನಿಲ್ದಾಣ. ಅದಕ್ಕೇ ‘ಮೆಟ್ರೊ ಬಂತಲ್ಲ, ಹಳೇ ರೈಲು ಯಾಕೆ?’ ಅನ್ನುವ ವಾದ ಇವತ್ತಿಗೂ ಕೇಳುತ್ತದೆ. ಆ ವಾದದಲ್ಲಿ ಹುರುಳಿದೆ, ಇಲ್ಲ ಅನ್ನಲ್ಲ. ಆದರೆ ಅರ್ಧ ಮಾತ್ರ. ಯು-ಬಾನ್ ಅಲ್ಲಿಂದ ಪಶ್ಚಿಮಕ್ಕೆ, ಸ್ಪಾಂಡೌ ಕಡೆಗೆ ತಿರುಗಿತು. ಗಾರ್ಟನ್‌ಫೆಲ್ಡ್ ಕಡೆಯವರಿಗೆ ಸಿಕ್ಕಿದ್ದು ಬಸ್ಸು.

1984ರ ಜನವರಿ 9ರಂದು ಪಶ್ಚಿಮ ಬರ್ಲಿನ್‌ನ ಎಸ್-ಬಾನ್ ಕೊನೆಗೂ ಪಶ್ಚಿಮದ ಕೈಗೇ ಬಂತು. ನಗರ ಸಾರಿಗೆ ಸಂಸ್ಥೆ ಬಿವಿಜಿ ಓಡಿಸಲು ಶುರು ಮಾಡಿತು. ಇನ್ನು ಬಹಿಷ್ಕಾರಕ್ಕೆ ಕಾರಣವಿಲ್ಲ. 1989ರಲ್ಲಿ ಗೋಡೆಯೇ ಬಿತ್ತು. ಆಮೇಲೆ ದುಡ್ಡೆಲ್ಲ ಕಡಿದುಹೋದ ಪೂರ್ವ-ಪಶ್ಚಿಮ ಹಾದಿಗಳನ್ನು ಕೂಡಿಸಲು ಹೋಯಿತು. ಅದು ನ್ಯಾಯವೇ. ಯುಂಗ್‌ಫರ್ನ್‌ಹೈಡೆಗೆ ಎಸ್-ಬಾನ್ 1997ರಲ್ಲಿ ವಾಪಸ್ಸಾಯಿತು, 2002ರಲ್ಲಿ ಇಡೀ ರಿಂಗ್ ಮತ್ತೆ ಕೂಡಿಕೊಂಡಿತು. ಅಲ್ಲಿಯವರೆಗೆ ಸೀಮೆನ್ಸ್‌ಬಾನ್ ಕಾಯಲಿ ಅಂದರೆ ಒಪ್ಪುತ್ತೇನೆ.

ಅದರ ಮುಂದಿನ ವರ್ಷಗಳಿಗೆ ಏನು ಸಬೂಬು? ಹಾದಿ ಅಲ್ಲೇ ಇತ್ತು. ಸಂರಕ್ಷಿತ ಸ್ಮಾರಕ ಅಂತ ಘೋಷಿಸಿದ್ದರಿಂದ ಯಾರೂ ಕೆಡವಲಿಲ್ಲ, ಅದೊಂದು ಪುಣ್ಯ. ಆದರೆ ಸ್ಪ್ರೇ ನದಿಯಲ್ಲಿ ಹಡಗಿನ ದಾರಿಯನ್ನು ನೇರ ಮಾಡುವಾಗ ರೈಲಿನ ಸೇತುವೆ ಹೋಯಿತು, ಏರಿಯ ಒಂದು ತುಂಡೂ ಹೋಯಿತು. ಆ ಜಾಗದಲ್ಲಿ ಈಗ ನೀರು ಹರಿಯುತ್ತದೆ. ಇನ್ನು ಈ ರೈಲು ಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸುಮ್ನೆ ಬಿಟ್ಟರು. ಮರ ಬೆಳೆಯಿತು.

ಕೊನೆಗೆ 2018ರ ಅಕ್ಟೋಬರ್ 31. ಸೀಮೆನ್ಸ್ ಮತ್ತು ಬರ್ಲಿನ್ ನಗರ ಸರ್ಕಾರ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಹಳೇ ಕಾರ್ಖಾನೆಗಳ ಜಾಗದಲ್ಲಿ ಕಚೇರಿ, ಸಂಶೋಧನೆ, ಮನೆ ಎಲ್ಲ ಇರುವ ಹೊಸ ಬಡಾವಣೆ. ಕಂಪನಿ ಹಾಕುವ ದುಡ್ಡು 60 ಕೋಟಿ ಯೂರೊವರೆಗೆ. ಹೊಸ ಬಡಾವಣೆಗೆ ಒಳ್ಳೆಯ ಸಾರಿಗೆ ಬೇಕು ಅಂತ ಕಂಪನಿ ಕೇಳಿತು. ಸೀಮೆನ್ಸ್‌ಬಾನ್ ಮತ್ತೆ ಎದ್ದಿತು. ಹಾದಿಗೆ ನೂರು ತುಂಬುವ 2029ಕ್ಕೆ ರೈಲು ಓಡಿಸಬೇಕು ಅನ್ನುವ ಗುರಿ ಇಟ್ಟುಕೊಂಡರು. ಮರ ಕಡಿದರು, ಹಳೇ ಹಳಿ ಕಿತ್ತರು, ಉಕ್ಕಿನ ಮೇಲ್ಸೇತುವೆಯ ರಿಪೇರಿ ಹಿಡಿದರು.

ರೈಲು ಬರುವುದು ನನಗೆ ಸಂತೋಷವೇ. ಮೊದಲ ದಿನವೇ ಹತ್ತುತ್ತೇನೆ. ಆದರೆ ಈ ಲೆಕ್ಕ ನೋಡಿ: 1929ರಲ್ಲಿ ಕಂಪನಿಗೆ ಬೇಕಿತ್ತು, ರೈಲು ಬಂತು. ಕಂಪನಿಗೆ ಬೇಡವಾಯಿತು, ಹೋಯಿತು. 2018ರಲ್ಲಿ ಮತ್ತೆ ಬೇಕಾಯಿತು, ಬರುತ್ತಿದೆ. ನಡುವಿನ ನಲವತ್ತು ವರ್ಷ ಅದೇ ಬೀದಿಗಳಲ್ಲಿ ಜನ ಇದ್ದರಲ್ವಾ? ಶಾಲೆಗೆ ಹೋಗುವ ಮಕ್ಕಳು, ಆಸ್ಪತ್ರೆಗೆ ಹೋಗುವ ಮುದುಕರು, ಬೆಳಗಿನ ಜಾವ ಕೆಲಸಕ್ಕೆ ಹೊರಡುವವರು. ಅವರೆಲ್ಲ ಸೇರಿ ಒಂದು ಕಂಪನಿಯಷ್ಟು ತೂಗಲಿಲ್ಲ. ನನ್ನ ತಕರಾರು ಇಷ್ಟೇ. ಊರಿನ ರೈಲಿಗೆ ಜನ ಇದ್ದಾರೆ ಅನ್ನುವುದೇ ಸಾಕಷ್ಟು ಕಾರಣ ಆಗಬೇಕಿತ್ತು.

ಅದಕ್ಕೇ ನನ್ನ ಕಣ್ಣು ವೆರ್ನರ್‌ವೆರ್ಕ್ ಮೇಲಿಲ್ಲ. ಅಲ್ಲಿ ಕೆಲಸ ಆಗೇ ಆಗುತ್ತದೆ. ನನ್ನ ಕಣ್ಣಿರುವುದು ಗಾರ್ಟನ್‌ಫೆಲ್ಡ್‌ನ ಆಚೆ. ಹಾದಿಯನ್ನು ಅಲ್ಲಿಗೇ ನಿಲ್ಲಿಸದೆ ಹಾವೆಲ್ ನದಿ ದಾಟಿಸಿ ಹಾಕೆನ್‌ಫೆಲ್ಡೆಗೆ ಒಯ್ಯಬೇಕು ಅನ್ನುವ ಯೋಚನೆ ಇದೆ. ಹಾಕೆನ್‌ಫೆಲ್ಡೆಯಲ್ಲಿ ಸಾವಿರಾರು ಮನೆಗಳಿವೆ. ಎಸ್-ಬಾನ್ ಇಲ್ಲ, ಯು-ಬಾನ್ ಇಲ್ಲ. ಆ ತುಂಡು ಯಾವ ಕಾರ್ಖಾನೆಯ ಗೇಟಿಗೂ ಹೋಗುವುದಿಲ್ಲ, ಜನರ ಮನೆಗಳ ಹತ್ತಿರ ಹೋಗುತ್ತದೆ. ಆ ಸೇತುವೆಗೆ ಹಾವೆಲ್ ನದಿಯಲ್ಲಿ ಮೊದಲ ಕಂಬ ಇಳಿದ ದಿನ ನಾನು ಸೀಮೆನ್ಸ್‌ಸ್ಟಾಟ್‌ನ ಆ ಬಸ್ ನಿಲ್ದಾಣಕ್ಕೆ ಮತ್ತೆ ಹೋಗುತ್ತೇನೆ. ಅಜ್ಜಿ ಸಿಗುತ್ತಾರೋ ಇಲ್ಲವೋ, ಅವರು ‘ನಮ್ಮದು’ ಅಂದಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ಬರುತ್ತೇನೆ.